ನೆಗಡಿ ಬಂದರೆ ಮೂಗು ಕೊಯ್ಯಬೇಕೇ?

ಕಂಪ್ಯೂಟರ್ ಆನ್ ಆಗಲಿಲ್ಲ ಎಂದರೆ ನಮ್ಮ ಕಾಲೇಜಿನಲ್ಲಿ, ನಮ್ಮ ಮನೆಗಳಲ್ಲಿ, ನಮ್ಮೂರ ಅಂಗಡಿಗಳಲ್ಲಿ ಕೇಳಿಬರುವ ಮಾತು ಒಂದೇ: "ಫಾರ್ಮ್ಯಾಟ್ ಹೊಡಿಸಿಬಿಡು." ನೀಲಿ ಪರದೆ ಬಂದರೂ ಫಾರ್ಮ್ಯಾಟ್, ನಿಧಾನವಾದರೂ ಫಾರ್ಮ್ಯಾಟ್, ಪ್ರಿಂಟರ್ ಕೆಲಸ ಮಾಡದಿದ್ದರೂ ಫಾರ್ಮ್ಯಾಟ್. ನೆಗಡಿ ಬಂದರೆ ಮೂಗು ಕೊಯ್ದುಕೊಂಡ ಹಾಗೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದದ್ದು ಇಂಥದ್ದಕ್ಕೇ ಇರಬೇಕು. ಫಾರ್ಮ್ಯಾಟ್ ಮಾಡಲೇಬಾರದು ಎಂದು ನಾನು ವಾದಿಸುತ್ತಿಲ್ಲ. ಅದು ಕೊನೆಯ ಮದ್ದು, ಅದನ್ನು ಮೊದಲನೆಯ ಮದ್ದಾಗಿ ಕೊಡಬಾರದು ಎನ್ನುವುದಷ್ಟೇ ನನ್ನ ವಾದ. ಈ ಪದ್ಧತಿಯನ್ನು ಬದಲಾಯಿಸಲು ನಮ್ಮ ಕಾಲೇಜಿನ ಲ್ಯಾಬ್‌ಗಿಂತ ಒಳ್ಳೆಯ ಜಾಗ ಇಲ್ಲ.

ವಾಣಿಜ್ಯ ವಿಭಾಗದ ಹುಡುಗನಿಗೆ ಇದೆಲ್ಲ ಯಾಕೆ ಎಂದು ವಿಜ್ಞಾನ ವಿಭಾಗದ ಗೆಳೆಯರು ಕೇಳಬಹುದು. ನಾವು ಕಲಿಯುವುದೇ ಲೆಕ್ಕ ಬರೆಯುವುದನ್ನು. ಇಂದು ಲೆಕ್ಕ ಇರುವುದು ಪುಸ್ತಕದಲ್ಲಲ್ಲ, ಹಾರ್ಡ್ ಡಿಸ್ಕ್‌ನಲ್ಲಿ. ಪುಸ್ತಕಕ್ಕೆ ಗೆದ್ದಲು ಹಿಡಿದರೆ ಲೆಕ್ಕಿಗನಿಗೆ ಚಿಂತೆಯಾಗಬೇಕು ತಾನೆ?

ಮೂರು ಬೇರೆ ಬೇರೆ ಕೆಲಸಗಳು

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ. ವಿಂಡೋಸ್, ಲಿನಕ್ಸ್ ಇವು ಆಪರೇಟಿಂಗ್ ಸಿಸ್ಟಂಗಳು. ಕಂಪ್ಯೂಟರಿನ ಯಂತ್ರಭಾಗಕ್ಕೂ ನಾವು ಬಳಸುವ ಟ್ಯಾಲಿ, ಎಕ್ಸೆಲ್, ಬ್ರೌಸರ್‌ಗಳಿಗೂ ನಡುವೆ ನಿಂತು ಕೆಲಸ ಮಾಡಿಸುವ ವ್ಯವಸ್ಥಾಪಕ ಇದು. ಅಂಗಡಿಯ ಮ್ಯಾನೇಜರ್ ಕಾಯಿಲೆ ಬಿದ್ದರೆ ಅಂಗಡಿ ತೆರೆಯುವುದಿಲ್ಲ, ಆದರೆ ಗೋದಾಮಿನ ಸರಕು ಎಲ್ಲಿಗೂ ಹೋಗಿರುವುದಿಲ್ಲ. ಆಪರೇಟಿಂಗ್ ಸಿಸ್ಟಂ ಕೆಟ್ಟಾಗಲೂ ಅಷ್ಟೇ. ಪರದೆಯ ಮೇಲೆ ಏನೂ ಕಾಣದಿದ್ದರೂ ನಿಮ್ಮ ಫೈಲುಗಳು ಹೆಚ್ಚಿನ ಸಲ ಡಿಸ್ಕ್‌ನಲ್ಲಿ ಹಾಗೆಯೇ ಇರುತ್ತವೆ. ಈ ಒಂದು ಮಾತು ಎಲ್ಲರಿಗೂ ಗೊತ್ತಿದ್ದರೆ ಅರ್ಧ ನಷ್ಟ ತಪ್ಪುತ್ತದೆ.

ದುರಸ್ತಿ ಎಂದರೆ ಕೆಟ್ಟ ಭಾಗವನ್ನು ಮಾತ್ರ ಸರಿಪಡಿಸುವುದು. ಮರುಸ್ಥಾಪನೆ ಎಂದರೆ ಆಪರೇಟಿಂಗ್ ಸಿಸ್ಟಂ ಅನ್ನು ಮತ್ತೆ ಹಾಕುವುದು. ಇದನ್ನು ಫೈಲುಗಳನ್ನು ಉಳಿಸಿಕೊಂಡೂ ಮಾಡಬಹುದು. ಫಾರ್ಮ್ಯಾಟ್ ಎಂದರೆ ಡಿಸ್ಕ್‌ನ ಆ ಭಾಗವನ್ನೇ ಖಾಲಿ ಎಂದು ಘೋಷಿಸುವುದು. ನಮ್ಮೂರ ರಿಪೇರಿ ಅಂಗಡಿಯಲ್ಲಿ ಈ ಮೂರಕ್ಕೂ ಒಂದೇ ಹೆಸರು, ಒಂದೇ ದರ. ತೊಂದರೆ ಶುರುವಾಗುವುದೇ ಅಲ್ಲಿಂದ.

ಒಂದು ಬಟ್ಟೆ ಅಂಗಡಿಯ ಕಥೆ

ನಮ್ಮ ಬೀದಿಯಲ್ಲಿ ಒಬ್ಬರು ಬಟ್ಟೆ ವ್ಯಾಪಾರಿ ಇದ್ದಾರೆ. ನಾವೆಲ್ಲ ಅವರನ್ನು ಚಾಚಾ ಎಂದೇ ಕರೆಯುತ್ತೇವೆ. ಮೊದಲು ಅವರ ಉದ್ರಿ ಲೆಕ್ಕ ಕೆಂಪು ಬಟ್ಟೆಯ ರಟ್ಟಿನ ಉದ್ದ ಖಾತೆ ಪುಸ್ತಕದಲ್ಲಿರುತ್ತಿತ್ತು, ಅದೂ ಉರ್ದುವಿನಲ್ಲಿ. ನಾಲ್ಕು ವರ್ಷಗಳ ಹಿಂದೆ ಲೆಕ್ಕಪತ್ರ ನೋಡುವವರ ಮಾತು ಕೇಳಿ ಟ್ಯಾಲಿಗೆ ಬದಲಾದರು. ಕಳೆದ ವರ್ಷ ರಂಜಾನ್ ತಿಂಗಳಲ್ಲಿ, ವ್ಯಾಪಾರದ ಭರಾಟೆಯಲ್ಲೇ, ಕಂಪ್ಯೂಟರ್ ನೀಲಿ ಪರದೆಯಲ್ಲಿ ನಿಂತುಬಿಟ್ಟಿತು. ಹುಡುಗನೊಬ್ಬ ಅದನ್ನು ರಿಪೇರಿಗೆ ಒಯ್ದ. ಸಂಜೆಯೊಳಗೆ ವಾಪಸ್ ಬಂತು. ಪರದೆ ಹೊಸದರ ಹಾಗೆ ಹೊಳೆಯುತ್ತಿತ್ತು. ಟ್ಯಾಲಿ ಮತ್ತೆ ಹಾಕಿಕೊಟ್ಟಿದ್ದರು. ತೆರೆದು ನೋಡಿದರೆ ಒಂದು ಕಂಪನಿಯೂ ಇಲ್ಲ. ನಾಲ್ಕು ವರ್ಷದ ಲೆಕ್ಕ ಮಾಯ.

"ಡಿ ಡ್ರೈವ್‌ನಲ್ಲಿ ಇಟ್ಟಿದ್ದರೆ ಉಳಿಯುತ್ತಿತ್ತು ಚಾಚಾ, ಸಿ ಡ್ರೈವ್‌ನಲ್ಲಿದ್ದದ್ದೆಲ್ಲ ಹೋಗುತ್ತೆ" ಎಂದು ಅಂಗಡಿಯವರು ಹೇಳಿದರಂತೆ. ಸಿ ಎಂದರೇನು, ಡಿ ಎಂದರೇನು ಎಂದು ಚಾಚಾಗೆ ಯಾರೂ ಅದುವರೆಗೆ ಹೇಳಿರಲಿಲ್ಲ. ಒಳಗೆ ಏನಿದೆ ಎಂದು ಅವರನ್ನು ಯಾರೂ ಕೇಳಿರಲೂ ಇಲ್ಲ.

ಜಿಎಸ್‌ಟಿ ಪೋರ್ಟಲ್‌ನಲ್ಲಿ ಎಲ್ಲ ಇರುತ್ತದಲ್ಲ ಎಂದು ನಾನೂ ಅಂದುಕೊಂಡೆ. ಅಲ್ಲಿ ಬಿಲ್ಲುಬಿಲ್ಲಾಗಿ ಇರುವುದು ಮುಖ್ಯವಾಗಿ ನೋಂದಣಿಯಾದ ವ್ಯಾಪಾರಿಗಳಿಗೆ ಮಾರಿದ್ದು. ಸಾಮಾನ್ಯ ಗಿರಾಕಿಗಳಿಗೆ ಮಾರಿದ ಚಿಕ್ಕ ಮೊತ್ತಗಳು ಒಟ್ಟು ಲೆಕ್ಕವಾಗಿ ಹೋಗುತ್ತವೆ. ಯಾರು ಎಷ್ಟು ಉದ್ರಿ ಇಟ್ಟುಕೊಂಡಿದ್ದಾರೆ ಎನ್ನುವುದು ಸರ್ಕಾರಕ್ಕೆ ಬೇಕಿಲ್ಲ, ಅಂಗಡಿಯವರಿಗೆ ಅದೇ ಜೀವ. ಚಾಚಾ ಹಬ್ಬದ ನಂತರ ನೆನಪಿನ ಮೇಲೆ ಒಂದು ಪಟ್ಟಿ ಬರೆದರು. "ನನ್ನ ಬಾಕಿ ಇಷ್ಟಿತ್ತು ಭಾಯಿ" ಎಂದು ತಾವಾಗಿಯೇ ಬಂದು ಹೇಳಿದ ಟೈಲರ್‌ಗಳಿದ್ದರು. ಬರದೇ ಇದ್ದವರೂ ಇದ್ದರು. ಬರದವರ ಹತ್ತಿರ ಕೇಳಲು ಚಾಚಾ ಹೋಗಲಿಲ್ಲ. "ಲೆಕ್ಕವಿಲ್ಲದೆ ಹೇಗೆ ಕೇಳಲಿ, ಒಂದು ರೂಪಾಯಿ ಹೆಚ್ಚು ಕೇಳಿದರೂ ಪಾಪ ನನ್ನ ಮೇಲೆ" ಎಂದರು. ಈಗ ಅವರ ಮೇಜಿನ ಮೇಲೆ ಕಂಪ್ಯೂಟರಿನ ಪಕ್ಕದಲ್ಲೇ ಕೆಂಪು ಪುಸ್ತಕ ಮತ್ತೆ ಬಂದಿದೆ. ಅದನ್ನು ನೋಡಿ ನಗುವವರಿದ್ದಾರೆ. ನನಗೆ ಅದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ.

ಬ್ಯಾಲೆನ್ಸ್ ಶೀಟಿನಲ್ಲಿ ಕಾಣದ ಆಸ್ತಿ

ನಮಗೆ ಸವಕಳಿ ಪಾಠ ಇದೆ. ಆದಾಯ ತೆರಿಗೆ ಲೆಕ್ಕದಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ ಶೇ. 40ರಷ್ಟು ಸವಕಳಿ, ಅದೂ ಇಳಿಕೆ ಬಾಕಿ ಪದ್ಧತಿಯಲ್ಲಿ. 40,000 ರೂಪಾಯಿಯ ಕಂಪ್ಯೂಟರ್ ಮೊದಲ ವರ್ಷದ ಕೊನೆಗೆ 24,000, ಎರಡನೆಯ ವರ್ಷಕ್ಕೆ 14,400, ಮೂರನೆಯ ವರ್ಷಕ್ಕೆ 8,640 ರೂಪಾಯಿ. ಯಂತ್ರದ ಬೆಲೆ ಹೀಗೆ ಇಳಿಯುತ್ತಾ ಹೋಗುತ್ತದೆ. ಅದರೊಳಗಿನ ಲೆಕ್ಕದ ಬೆಲೆ ಮಾತ್ರ ವರ್ಷದಿಂದ ವರ್ಷಕ್ಕೆ ಏರುತ್ತದೆ. ಆದರೆ ಅದು ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಕಾಣುವುದಿಲ್ಲ. ಕಾಣದೆ ಇರುವುದರಿಂದಲೇ ಅದನ್ನು ಅಳಿಸುವವರ ಕೈ ನಡುಗುವುದಿಲ್ಲ.

ಕಾನೂನಿಗೆ ಅದರ ಬೆಲೆ ಗೊತ್ತಿದೆ. ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಂಡಿರಬೇಕು. ಕಂಪನಿಗಳಾದರೆ 2013ರ ಕಂಪನಿ ಕಾಯ್ದೆಯಂತೆ 8 ಹಣಕಾಸು ವರ್ಷಗಳ ಪುಸ್ತಕಗಳನ್ನು ಉಳಿಸಿಕೊಳ್ಳಬೇಕು. ವಿದ್ಯುನ್ಮಾನ ರೂಪದ ಲೆಕ್ಕದ ಬ್ಯಾಕಪ್ ಅನ್ನು ಭಾರತದಲ್ಲೇ ಇರುವ ಸರ್ವರ್‌ನಲ್ಲಿ ಪ್ರತಿದಿನ ಇಡಬೇಕು ಎಂದು 2022ರಲ್ಲಿ ನಿಯಮವನ್ನೂ ಬಿಗಿ ಮಾಡಿದರು. "ಫಾರ್ಮ್ಯಾಟ್ ಆಯಿತು ಸರ್" ಎನ್ನುವುದು ಅಧಿಕಾರಿಯ ಮುಂದೆ ಉತ್ತರವಾಗುವುದಿಲ್ಲ.

ರಿಪೇರಿಯವರನ್ನು ಮಾತ್ರ ಬೈದರೆ ಸಾಲದು

ಅವರ ಕಡೆಯಿಂದಲೂ ನೋಡಬೇಕು. ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಲು ಒಂದು ಗಂಟೆ ಸಾಕು. ಕೆಟ್ಟದ್ದನ್ನು ಹುಡುಕಿ ಸರಿಪಡಿಸಲು ಅರ್ಧ ದಿನ ಬೇಕಾಗಬಹುದು, ಕೊನೆಗೆ ಸರಿಯಾಗದೆಯೂ ಇರಬಹುದು. ಗಿರಾಕಿ ಕೊಡುವುದು ಎರಡಕ್ಕೂ ಅದೇ ದುಡ್ಡು. ಚೌಕಾಸಿ ಬೇರೆ. ಹೀಗಿರುವಾಗ ಅವರು ಯಾವುದನ್ನು ಆರಿಸಿಕೊಳ್ಳುತ್ತಾರೆ? ಅರ್ಥಶಾಸ್ತ್ರದ ತರಗತಿಯಲ್ಲಿ ಕೂತ ಯಾರಿಗಾದರೂ ಉತ್ತರ ಗೊತ್ತು. ಉಳಿಯುವ ಸಮಯ ಅವರದು, ಆಗುವ ನಷ್ಟ ಗಿರಾಕಿಯದು. ನಷ್ಟ ಅನುಭವಿಸುವವರು ಪ್ರಶ್ನೆ ಕೇಳದಿದ್ದರೆ ಈ ಲೆಕ್ಕ ಬದಲಾಗುವುದಿಲ್ಲ. ಆದ್ದರಿಂದ ನನ್ನ ಸಲಹೆ ಸರಳ: "ಫೈಲುಗಳನ್ನು ಉಳಿಸಿಕೊಟ್ಟರೆ ಇಷ್ಟು, ಫಾರ್ಮ್ಯಾಟ್ ಮಾಡಿದರೆ ಇಷ್ಟು" ಎಂದು ಎರಡು ದರ ಕೇಳಿ, ಹೆಚ್ಚಿನದನ್ನು ಕೊಡಿ. 300 ರೂಪಾಯಿ ಉಳಿಸಲು ಹೋಗಿ ಖಾತೆಯನ್ನೇ ಕಳೆದುಕೊಳ್ಳುವುದು ವ್ಯಾಪಾರವಲ್ಲ.

ಜಗತ್ತೇ ಕ್ರ್ಯಾಶ್ ಆದ ದಿನ

ದುರಸ್ತಿ ಎಂಬುದೊಂದಿದೆ ಎಂದು ನಂಬದವರಿಗೆ 2024ರ ಜುಲೈ 19 ನೆನಪಿಸುತ್ತೇನೆ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆಗೆ ಹೋದವು. ಮೈಕ್ರೋಸಾಫ್ಟ್ ಅಂದಾಜಿನಂತೆ ಅವುಗಳ ಸಂಖ್ಯೆ 85 ಲಕ್ಷ. ವಿಮಾನಗಳು ರದ್ದಾದವು, ಆಸ್ಪತ್ರೆ, ಬ್ಯಾಂಕ್‌ಗಳ ಕೆಲಸ ನಿಂತಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟ ಚಿತ್ರ ಪತ್ರಿಕೆಗಳಲ್ಲಿ ಬಂದಿತ್ತು.

ಆ ಕಂಪ್ಯೂಟರ್‌ಗಳನ್ನು ಸರಿಪಡಿಸಿದ್ದು ಹೇಗೆ? ಯಾರೂ 85 ಲಕ್ಷ ಡಿಸ್ಕ್‌ಗಳನ್ನು ಫಾರ್ಮ್ಯಾಟ್ ಮಾಡುತ್ತಾ ಕೂರಲಿಲ್ಲ. ಸೇಫ್ ಮೋಡ್‌ನಲ್ಲಿ ಅಥವಾ ದುರಸ್ತಿ ಪರದೆಯಲ್ಲಿ ತೆರೆದು, ಆ ತಂತ್ರಾಂಶದ ಒಂದು ಕೆಟ್ಟ ಫೈಲನ್ನು ಅಳಿಸಿ, ಮತ್ತೆ ಆನ್ ಮಾಡುವುದೇ ಮುಖ್ಯ ಪರಿಹಾರವಾಗಿತ್ತು. ಒಂದು ಫೈಲು! ನಮ್ಮೂರಿನಲ್ಲಾಗಿದ್ದರೆ ಇಡೀ ಡಿಸ್ಕ್ ಹೋಗುತ್ತಿತ್ತು. ಆ ದಿನ ಇನ್ನೊಂದು ಪಾಠವೂ ಸಿಕ್ಕಿತು. ಬಿಟ್‌ಲಾಕರ್ ಎಂಬ ಬೀಗ ಹಾಕಿದ ಕಂಪ್ಯೂಟರ್‌ಗಳಲ್ಲಿ ಆ ಫೈಲನ್ನು ಮುಟ್ಟಲು 48 ಅಂಕಿಗಳ ಕೀಲಿ ಬೇಕಾಯಿತು. ಕೀಲಿ ಎಲ್ಲಿಟ್ಟಿದ್ದೇವೆ ಎಂದು ಗೊತ್ತಿಲ್ಲದವರು ಹೆಚ್ಚು ಕಷ್ಟಪಟ್ಟರು.

ಮದ್ದಿನ ಕ್ರಮ

ಹಾಗಾದರೆ ಕಂಪ್ಯೂಟರ್ ನಿಂತಾಗ ಏನು ಮಾಡಬೇಕು? ನನ್ನ ಪ್ರಕಾರ ಈ ಕ್ರಮ ಲ್ಯಾಬ್‌ನ ಗೋಡೆಯ ಮೇಲೆ ಇರಬೇಕು.

ಮೊದಲನೆಯದು, ಪರದೆಯ ಮೇಲೆ ಬಂದ ಸಂದೇಶವನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುವುದು. ಆ ಸಂಖ್ಯೆ, ಆ ಇಂಗ್ಲಿಷ್ ಪದಗಳು ರೋಗದ ಹೆಸರು. "ಏನೋ ಬಂತು ಸರ್, ನೀಲಿ ಇತ್ತು" ಎಂದರೆ ಡಾಕ್ಟರಿಗೆ "ಎಲ್ಲೋ ನೋವು" ಎಂದ ಹಾಗೆ.

ಎರಡನೆಯದು, ಯಂತ್ರದ ತೊಂದರೆಯೋ ತಂತ್ರಾಂಶದ ತೊಂದರೆಯೋ ನೋಡುವುದು. ಪೆನ್‌ಡ್ರೈವ್, ಪ್ರಿಂಟರ್ ಎಲ್ಲ ತೆಗೆದು ಆನ್ ಮಾಡಿ. ಡೆಸ್ಕ್‌ಟಾಪ್ ಆದರೆ ವಿದ್ಯುತ್ ತಂತಿ ಕಳಚಿ, ರ‍್ಯಾಮ್ ತೆಗೆದು ಮತ್ತೆ ಸರಿಯಾಗಿ ಕೂರಿಸಿ ನೋಡಬಹುದು. ನಮ್ಮ ಧೂಳಿಗೆ ಎಷ್ಟೋ ಸಲ ತೊಂದರೆ ಅಷ್ಟೇ ಇರುತ್ತದೆ. ಹಾರ್ಡ್ ಡಿಸ್ಕ್‌ನಿಂದ ಟಕ್ ಟಕ್ ಶಬ್ದ ಬರುತ್ತಿದ್ದರೆ ತಕ್ಷಣ ಆಫ್ ಮಾಡಿ. ಅದು ಯಾಂತ್ರಿಕ ತೊಂದರೆಯ ಲಕ್ಷಣ. ಪದೇ ಪದೇ ಆನ್ ಮಾಡಿದಷ್ಟೂ ಒಳಗಿನದು ಹಾಳಾಗುತ್ತದೆ. ಅಲ್ಲಿ ವಿಂಡೋಸ್ ಹತ್ತು ಸಲ ಹಾಕಿದರೂ ಪ್ರಯೋಜನವಿಲ್ಲ.

ಮೂರನೆಯದು, ವಿಂಡೋಸ್‌ನೊಳಗೇ ಇರುವ ದುರಸ್ತಿ. ಎರಡು ಮೂರು ಸಲ ಸತತವಾಗಿ ತೆರೆಯದಿದ್ದರೆ ವಿಂಡೋಸ್ ತಾನಾಗಿಯೇ ಒಂದು ನೀಲಿ ಮೆನು ತೋರಿಸುತ್ತದೆ. ಅದರಲ್ಲಿ ಸ್ಟಾರ್ಟಪ್ ರಿಪೇರಿ ಇದೆ. ಕೊನೆಯ ಅಪ್‌ಡೇಟ್ ತೆಗೆಯುವ ಆಯ್ಕೆ ಇದೆ. ಹಿಂದಿನ ಒಂದು ದಿನದ ಸ್ಥಿತಿಗೆ ಮರಳಿಸುವ ಸಿಸ್ಟಂ ರಿಸ್ಟೋರ್ ಇದೆ. ಕನಿಷ್ಠ ಸಾಮಗ್ರಿಯಿಂದ ತೆರೆಯುವ ಸೇಫ್ ಮೋಡ್ ಇದೆ. ಕೆಟ್ಟ ಸಿಸ್ಟಂ ಫೈಲುಗಳನ್ನು ಹುಡುಕಿ ಬದಲಿಸುವ ಎಸ್‌ಎಫ್‌ಸಿ ಎಂಬ ಆದೇಶವೂ ಇದೆ. ಇವ್ಯಾವೂ ನಿಮ್ಮ ಫೋಟೋ, ನಿಮ್ಮ ಲೆಕ್ಕಗಳನ್ನು ಅಳಿಸುವುದಿಲ್ಲ. ಡಿಸ್ಕ್ ಪರೀಕ್ಷಿಸುವ ಚೆಕ್‌ಡಿಸ್ಕ್ ಆದೇಶವನ್ನು ಮಾತ್ರ, ಡಿಸ್ಕ್ ಸಾಯುತ್ತಿದೆ ಎಂಬ ಅನುಮಾನವಿದ್ದರೆ, ಫೈಲುಗಳನ್ನು ಹೊರಗೆ ತೆಗೆದ ಮೇಲೆಯೇ ಓಡಿಸಬೇಕು.

ನಾಲ್ಕನೆಯದು, ದುರಸ್ತಿಯಾಗದಿದ್ದರೆ ಮೊದಲು ಸಾಮಾನು ಹೊರಗೆ ಸಾಗಿಸುವುದು. ಮನೆಗೆ ಬೆಂಕಿ ಬಿದ್ದರೆ ಗೋಡೆಗೆ ಬಣ್ಣ ಬಳಿಯಲು ಯಾರೂ ಹೋಗುವುದಿಲ್ಲ. ಉಬುಂಟುವಿನಂಥ ಲಿನಕ್ಸ್ ಅನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡರೆ, ಡಿಸ್ಕ್‌ನಲ್ಲಿ ಏನನ್ನೂ ಸ್ಥಾಪಿಸದೆ ಪೆನ್‌ಡ್ರೈವ್‌ನಿಂದಲೇ ಕಂಪ್ಯೂಟರ್ ತೆರೆಯಬಹುದು. ಆಗ ಒಳಗಿನ ಡಿಸ್ಕ್ ಒಂದು ಫೋಲ್ಡರಿನ ಹಾಗೆ ಕಾಣುತ್ತದೆ. ಬೇಕಾದದ್ದನ್ನು ಇನ್ನೊಂದು ಪೆನ್‌ಡ್ರೈವ್‌ಗೋ ಹೊರಗಿನ ಹಾರ್ಡ್ ಡಿಸ್ಕ್‌ಗೋ ನಕಲು ಮಾಡಿಕೊಳ್ಳಬಹುದು. ಉಬುಂಟು ಉಚಿತ. ಬಿಟ್‌ಲಾಕರ್ ಇದ್ದರೆ ಮಾತ್ರ ಆ 48 ಅಂಕಿಗಳ ಕೀಲಿ ಬೇಕು. ಇದನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು.

ಐದನೆಯದು, ರೀಸೆಟ್. ವಿಂಡೋಸ್‌ನ ರೀಸೆಟ್‌ನಲ್ಲಿ "ನನ್ನ ಫೈಲುಗಳನ್ನು ಉಳಿಸು" ಎಂಬ ಆಯ್ಕೆ ಇದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಉಳಿಯುತ್ತವೆ, ನಾವು ಹಾಕಿಕೊಂಡ ಪ್ರೋಗ್ರಾಂಗಳು ಹೋಗುತ್ತವೆ. ಪ್ರೋಗ್ರಾಂನ ಫೋಲ್ಡರ್ ಒಳಗೇ ಲೆಕ್ಕ ಇಟ್ಟುಕೊಂಡವರು ಇದನ್ನೂ ನಂಬಿ ಕೂರಬಾರದು, ನಕಲು ಮೊದಲು.

ಇವೆಲ್ಲ ಮುಗಿದ ಮೇಲೆ ಆರನೆಯದಾಗಿ ಫಾರ್ಮ್ಯಾಟ್ ಬರಬೇಕು. ಅದಕ್ಕೂ ಕಾಲ ಇದೆ. ವೈರಸ್ ಆಳವಾಗಿ ಹೊಕ್ಕಿದ್ದರೆ, ಹೊಸ ಡಿಸ್ಕ್ ಹಾಕಿದ್ದರೆ, ಕಂಪ್ಯೂಟರನ್ನು ಬೇರೆಯವರಿಗೆ ಮಾರುವಾಗ, ಪೂರ್ತಿ ಹೊಸದಾಗಿ ಹಾಕುವುದೇ ಸರಿ. ಅಂಥ ಹೊತ್ತಲ್ಲಿ ಹಳೆಯದನ್ನು ತೇಪೆ ಹಾಕುತ್ತಾ ಕೂರುವುದೂ ತಪ್ಪೇ.

ಆಗಲೇ ಫಾರ್ಮ್ಯಾಟ್ ಆಗಿಹೋಗಿದ್ದರೆ? ಕಂಪ್ಯೂಟರನ್ನು ಬಳಸುವುದನ್ನು ಅಲ್ಲಿಗೇ ನಿಲ್ಲಿಸಿ. ಕ್ವಿಕ್ ಫಾರ್ಮ್ಯಾಟ್‌ನಲ್ಲಿ ಗ್ರಂಥಾಲಯದ ಪುಸ್ತಕಗಳು ಸುಡುವುದಿಲ್ಲ, ಯಾವ ಪುಸ್ತಕ ಎಲ್ಲಿದೆ ಎನ್ನುವ ಸೂಚಿ ಮಾತ್ರ ಹರಿಯುತ್ತದೆ. ಹಳೆಯ ಮಾದರಿಯ ಹಾರ್ಡ್ ಡಿಸ್ಕ್ ಆದರೆ, ಮೇಲೆ ಹೊಸದು ಬರೆಯುವವರೆಗೆ ರಿಕವರಿ ತಂತ್ರಾಂಶದಿಂದ ಒಂದಿಷ್ಟು ಮರಳಿ ಸಿಗಬಹುದು. ಎಸ್‌ಎಸ್‌ಡಿ ಆದರೆ ಆಸೆ ಕಡಿಮೆ, ಏಕೆಂದರೆ ಖಾಲಿ ಎಂದು ಗುರುತಾದ ಜಾಗವನ್ನು ಅದು ತಾನೇ ಒಳಗೊಳಗೆ ತೊಳೆದುಬಿಡುತ್ತದೆ.

ಫಾರ್ಮ್ಯಾಟ್ ನಂತರದ ಬಡತನ

ಫೈಲು ಉಳಿದರೂ ಫಾರ್ಮ್ಯಾಟ್ ಆದ ಕಂಪ್ಯೂಟರಿನಲ್ಲಿ ಕೆಲಸ ತಕ್ಷಣ ಶುರುವಾಗುವುದಿಲ್ಲ. ಕಾಲೇಜಿನ ಕಚೇರಿಯವರನ್ನು ಕೇಳಿ ನೋಡಿ. ನುಡಿ ಇಲ್ಲ, ಹಾಗಾಗಿ ಹಳೆಯ ಕನ್ನಡ ಪತ್ರ ತೆರೆದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡ್ ಅಲ್ಲದ ಆ ಫಾಂಟ್ ಮರಳಿ ಹಾಕುವವರೆಗೆ ಓದಲಾಗದು. ಉರ್ದು ವಿಭಾಗದವರ ಇನ್‌ಪೇಜ್ ಇಲ್ಲ, ಅದರ ನಸ್ತಾಲೀಕ್ ಫಾಂಟೂ ಇಲ್ಲ; ಮದುವೆ ಕರೆಯೋಲೆ ಮಾಡುವ ನಮ್ಮ ಪ್ರೆಸ್‌ನವರಿಗಂತೂ ಅದಿಲ್ಲದೆ ದಿನವೇ ಹೋಗುತ್ತದೆ. ಪ್ರಿಂಟರ್ ಡ್ರೈವರ್ ಇಲ್ಲ. ಟ್ಯಾಲಿಯ ಲೈಸೆನ್ಸ್ ಮತ್ತೆ ಸಕ್ರಿಯಗೊಳಿಸಬೇಕು. ಅಲ್ಲಿಯವರೆಗೆ ನಮಗೆ ಚೆನ್ನಾಗಿ ಗೊತ್ತಿರುವ ಎಜುಕೇಷನಲ್ ಮೋಡ್: ತಿಂಗಳ ಕೆಲವೇ ತಾರೀಖುಗಳಿಗೆ ಮಾತ್ರ ವೋಚರ್ ಹಾಕಬಹುದು. ಒಂದು ಗಂಟೆಯಲ್ಲಿ ಮುಗಿದ ಫಾರ್ಮ್ಯಾಟ್‌ನ ಬಾಲ ಒಂದು ವಾರ ಉದ್ದ ಇರುತ್ತದೆ. ಇದನ್ನು ಯಾರೂ ಬಿಲ್ಲಿನಲ್ಲಿ ಬರೆಯುವುದಿಲ್ಲ.

ಇನ್ನೊಂದು ಮಾತನ್ನು ನೇರವಾಗಿ ಹೇಳಬೇಕು. ಫಾರ್ಮ್ಯಾಟ್ ಆದ ಮೇಲೆ ಬರುವ ವಿಂಡೋಸ್ ಎಷ್ಟೋ ಸಲ ಕದ್ದದ್ದು. ಅದನ್ನು ಅಸಲಿ ಎಂದು ನಂಬಿಸಲು ಹಾಕುವ ಕ್ರ್ಯಾಕ್ ಪ್ರೋಗ್ರಾಂ ಮೊದಲು ಕೇಳುವುದೇ ಆಂಟಿವೈರಸ್ ಆಫ್ ಮಾಡಿ ಎಂದು. ಕಳ್ಳನಿಗೆ ಬೀಗದ ಕೈ ನಾವೇ ಕೊಟ್ಟ ಹಾಗಾಯಿತು. ಅನೇಕ ಲ್ಯಾಪ್‌ಟಾಪ್‌ಗಳು ಅಸಲಿ ವಿಂಡೋಸ್ ಜೊತೆಯಲ್ಲೇ ಬಂದಿರುತ್ತವೆ, ಲೈಸೆನ್ಸ್ ಆ ಯಂತ್ರಕ್ಕೇ ಅಂಟಿಕೊಂಡಿರುತ್ತದೆ. ಮೈಕ್ರೋಸಾಫ್ಟ್‌ನಿಂದಲೇ ಇಳಿಸಿಕೊಂಡ ಅದೇ ಆವೃತ್ತಿಯನ್ನು ಹಾಕಿ ಇಂಟರ್ನೆಟ್‌ಗೆ ಜೋಡಿಸಿದರೆ ಸಾಮಾನ್ಯವಾಗಿ ತಾನಾಗಿಯೇ ಸಕ್ರಿಯವಾಗುತ್ತದೆ. ಅದಕ್ಕೆ ಬೇಕಾದದ್ದು 8 ಜಿಬಿಯ ಒಂದು ಖಾಲಿ ಪೆನ್‌ಡ್ರೈವ್. ದುಡ್ಡು ಕೊಟ್ಟು ಕೊಂಡ ಅಸಲಿಯನ್ನು ಅಳಿಸಿ ಕದ್ದದ್ದನ್ನು ಹಾಕಿಸಿಕೊಳ್ಳುವುದಕ್ಕೆ ಮತ್ತೆ ದುಡ್ಡು ಕೊಡುವುದು ಯಾವ ಲೆಕ್ಕ?

ಅಮಾನತ್ ಮತ್ತು ಅಮಾನತು

ನಮ್ಮ ಮನೆಯ ಉರ್ದುವಿನಲ್ಲಿ ಅಮಾನತ್ ಎಂದರೆ ಒಬ್ಬರು ನಂಬಿ ನಮ್ಮ ಕೈಗೆ ಒಪ್ಪಿಸಿದ ವಸ್ತು. ಅದನ್ನು ಇದ್ದ ಹಾಗೆ ಮರಳಿಸಬೇಕು. ಕನ್ನಡ ಪತ್ರಿಕೆ ಓದಲು ಕಲಿತಾಗ "ಅಧಿಕಾರಿ ಅಮಾನತು" ಎಂದು ನೋಡಿ ನನಗೆ ಗೊಂದಲವಾಗಿತ್ತು. ಒಂದೇ ಮೂಲದ ಪದ, ಇಲ್ಲಿ ಕೆಲಸದಿಂದ ತಡೆಹಿಡಿದದ್ದು ಎಂಬ ಅರ್ಥ. ಈಗ ಅನ್ನಿಸುತ್ತದೆ, ಕೆಟ್ಟ ಕಂಪ್ಯೂಟರಿಗೆ ಎರಡು ಅರ್ಥವೂ ಒಪ್ಪುತ್ತದೆ. ಅದರ ಕೆಲಸ ತಾತ್ಕಾಲಿಕವಾಗಿ ಅಮಾನತಿನಲ್ಲಿದೆ. ಅದರ ಒಳಗಿರುವುದು ಇನ್ನೊಬ್ಬರ ಅಮಾನತ್. ಸ್ಕ್ರೂಡ್ರೈವರ್ ಹಿಡಿದವರು, ಅದು ಅಂಗಡಿಯವರಿರಲಿ, ಲ್ಯಾಬ್ ಸಹಾಯಕರಿರಲಿ, ಕಂಪ್ಯೂಟರ್ ಗೊತ್ತಿರುವ ಪಕ್ಕದ ಮನೆಯ ಅಣ್ಣನಿರಲಿ, ಎರಡನೆಯ ಅರ್ಥವನ್ನು ಮರೆಯಬಾರದು. ಒಳಗಿನದನ್ನು ಅಳಿಸುವುದು ಮಾತ್ರವಲ್ಲ, ಕೇಳದೆ ತೆರೆದು ನೋಡುವುದೂ ಅಮಾನತ್‌ಗೆ ಮೋಸವೇ. ಮನೆಯ ಹೆಣ್ಣುಮಕ್ಕಳ ಫೋಟೋ ಇವೆ ಎಂಬ ಭಯಕ್ಕೆ ಲ್ಯಾಪ್‌ಟಾಪನ್ನು ರಿಪೇರಿಗೇ ಕೊಡದೆ ಮೂಲೆಗೆ ಹಾಕಿದ ಮನೆಗಳು ನಮ್ಮಲ್ಲಿವೆ. ಆ ಭಯಕ್ಕೆ ಕಾರಣ ಇಲ್ಲವೆಂದು ಯಾರೂ ಹೇಳಲಾರರು.

ನಮ್ಮ ಲ್ಯಾಬ್ ಏನು ಮಾಡಬಹುದು

ಕೊನೆಯದಾಗಿ, ಪ್ರಾಂಶುಪಾಲರ ಹಾಗೂ ಕಂಪ್ಯೂಟರ್ ವಿಭಾಗದ ಅಧ್ಯಾಪಕರ ಮುಂದೆ ಕೆಲವು ವಿನಂತಿಗಳನ್ನು ಇಡುತ್ತೇನೆ. ಯಾವುದಕ್ಕೂ ದೊಡ್ಡ ಖರ್ಚಿಲ್ಲ.

ಲ್ಯಾಬ್‌ನಲ್ಲಿ ಎರಡು ಪೆನ್‌ಡ್ರೈವ್ ಸದಾ ಸಿದ್ಧವಿರಲಿ: ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್. ಒಂದು ದಫ್ತರ ಇರಲಿ. ಯಾವ ಕಂಪ್ಯೂಟರ್ ಯಾವಾಗ ಕೆಟ್ಟಿತು, ಏನು ಸಂದೇಶ ಬಂತು, ಏನು ಮಾಡಿದಾಗ ಸರಿಯಾಯಿತು ಎಂದು ಅದರಲ್ಲಿ ಬರೆಯಲಿ. ಮೂರು ಸಲ ಒಂದೇ ಯಂತ್ರ ಕೆಟ್ಟರೆ ತಪ್ಪು ವಿಂಡೋಸ್‌ನದಲ್ಲ, ಡಿಸ್ಕ್‌ನದೋ ವಿದ್ಯುತ್ತಿನದೋ ಎಂದು ದಫ್ತರವೇ ಹೇಳುತ್ತದೆ.

ಪ್ರತಿ ಶನಿವಾರ ಕೊನೆಯ ಅವಧಿಯ ಹತ್ತು ನಿಮಿಷ ಬ್ಯಾಕಪ್‌ಗೆ ಮೀಸಲಾಗಲಿ. ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿದರೆ ಬ್ಯಾಕಪ್ ಆಯ್ಕೆ ಸಿಗುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಬೇರೆ ಜಾಗದಲ್ಲಿ ಎನ್ನುವುದು ಎಲ್ಲೆಡೆ ಹೇಳುವ ನಿಯಮ. ಅಷ್ಟಾಗದಿದ್ದರೂ ಒಂದು ಪ್ರತಿ ಕಂಪ್ಯೂಟರಿನ ಹೊರಗಿರಲಿ. ಡಿ ಡ್ರೈವ್‌ನಲ್ಲಿ ಇಟ್ಟದ್ದು ಬ್ಯಾಕಪ್ ಅಲ್ಲ. ಸಿ, ಡಿ ಎರಡೂ ಸಾಮಾನ್ಯವಾಗಿ ಒಂದೇ ಡಿಸ್ಕ್‌ನ ಎರಡು ಕೋಣೆಗಳು, ಕಟ್ಟಡ ಬಿದ್ದರೆ ಎರಡೂ ಬೀಳುತ್ತವೆ.

ಹಳೆಯ ಕಂಪ್ಯೂಟರ್‌ಗಳ ಬಗ್ಗೆಯೂ ಯೋಚಿಸಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಸಾಕಷ್ಟು ಹೊಸ ಪ್ರೊಸೆಸರ್ ಬೇಕು. ಅದಿಲ್ಲದ ಯಂತ್ರಗಳನ್ನು ಗುಜರಿಗೆ ಹಾಕುವ ಮೊದಲು ಕೆಲವಕ್ಕೆ ಲಿನಕ್ಸ್ ಹಾಕಿ ನೋಡಬಹುದು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಎಷ್ಟೋ ವರ್ಷಗಳಿಂದ ಮಕ್ಕಳು ಲಿನಕ್ಸ್‌ನಲ್ಲೇ ಕಲಿಯುತ್ತಿದ್ದಾರೆ. ಟ್ಯಾಲಿಗೆ ವಿಂಡೋಸ್ ಬೇಕು, ನಿಜ. ಟೈಪಿಂಗ್, ಸ್ಪ್ರೆಡ್‌ಶೀಟ್, ಇಂಟರ್ನೆಟ್‌ಗೆ ಬೇಕಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಎಂಟು ಹತ್ತು ವಿದ್ಯಾರ್ಥಿಗಳ ಒಂದು ದುರಸ್ತಿ ತಂಡ ಆಗಲಿ. ಅದರಲ್ಲಿ ಅರ್ಧದಷ್ಟು ಹುಡುಗಿಯರಿರಲಿ. ಸಿಪಿಯು ಬಿಚ್ಚುವ ದಿನ ಹುಡುಗರು ಮುಂದೆ ಬರುತ್ತಾರೆ, ಹುಡುಗಿಯರು ರೆಕಾರ್ಡ್ ಬರೆಯುತ್ತಾ ಹಿಂದಿನ ಬೆಂಚಿನಲ್ಲಿ ಉಳಿಯುತ್ತಾರೆ. ಆದರೆ ಮನೆಯ ಲ್ಯಾಪ್‌ಟಾಪನ್ನು ಹೊರಗಿನವರ ಕೈಗೆ ಕೊಡಲು ಹಿಂಜರಿಯುವ ಮನೆಗಳಲ್ಲಿ, ಅದನ್ನು ಸರಿಪಡಿಸಬಲ್ಲ ಮಗಳೊಬ್ಬಳು ಇದ್ದರೆ ಆ ಮನೆಯ ಕಷ್ಟ ಅಲ್ಲಿಗೇ ತೀರುತ್ತದೆ. ವಾಣಿಜ್ಯ ವಿಭಾಗದವರೂ ಇರಲಿ. ನಾಳೆ ಅಂಗಡಿಗಳಲ್ಲಿ, ಲೆಕ್ಕಪರಿಶೋಧಕರ ಕಚೇರಿಗಳಲ್ಲಿ ಆ ಕಂಪ್ಯೂಟರ್‌ಗಳ ಮುಂದೆ ಕೂರುವವರು ನಾವೇ.

ಇದಕ್ಕೆಲ್ಲ ಸಮಯ ಎಲ್ಲಿದೆ, ಸಿಲಬಸ್ ಮುಗಿಸುವುದೇ ಕಷ್ಟ ಎಂದು ಅಧ್ಯಾಪಕರು ಹೇಳಬಹುದು. ಅದು ಸುಳ್ಳಲ್ಲ. ಆದರೆ ಪ್ರಾಯೋಗಿಕ ಪರೀಕ್ಷೆಯ ಹಿಂದಿನ ವಾರ ನಾಲ್ಕು ಕಂಪ್ಯೂಟರ್ ನಿಂತು, ಒಂದೊಂದರ ಮುಂದೆ ಮೂವರು ಕೂತರೆ ಹೋಗುವ ಸಮಯವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದಕ್ಕಿಂತ ಶನಿವಾರದ ಹತ್ತು ನಿಮಿಷ ಅಗ್ಗ.

ಓದುತ್ತಿರುವ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಇವತ್ತು ಮನೆಗೆ ಹೋದ ಮೇಲೆ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಕಳೆದುಹೋದರೆ ಮತ್ತೆ ಸಿಗದ ಐದು ವಸ್ತು ಯಾವುವು ಎಂದು ಒಂದು ಚೀಟಿಯಲ್ಲಿ ಬರೆಯಿರಿ. ಸ್ಕಾಲರ್‌ಶಿಪ್‌ಗೆ ಮಾಡಿಸಿದ ಪ್ರಮಾಣಪತ್ರಗಳ ಪ್ರತಿ ಇರಬಹುದು, ಅಬ್ಬಾ ಅವರ ಲೆಕ್ಕ ಇರಬಹುದು, ತೀರಿಕೊಂಡ ಅಜ್ಜಿಯ ಫೋಟೋ ಇರಬಹುದು. ಆ ಐದನ್ನು ಇನ್ನೊಂದು ಕಡೆ ನಕಲು ಮಾಡಿ. ಮುಂದೆ ಯಾರಾದರೂ "ಫಾರ್ಮ್ಯಾಟ್ ಹೊಡಿಸಿಬಿಡು" ಎಂದಾಗ, ಅವರು ಎಷ್ಟೇ ದೊಡ್ಡ ಪಂಡಿತರಿರಲಿ, ಒಂದು ಪ್ರಶ್ನೆ ಕೇಳಿ: "ಮೊದಲು ಒಳಗಿರುವುದನ್ನು ತೆಗೆದುಕೊಡುತ್ತೀರಾ?" ಉತ್ತರ ಬರುವವರೆಗೆ ಕಂಪ್ಯೂಟರನ್ನು ಕೈಬಿಡಬೇಡಿ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ